ಎಲ್‌1ಕ್ಯಾಮ್ ರಿಪೋರ್ಟ್ ಕೈಗೆ ಬಂದರೆ ಓದುವುದು ಹೇಗೆ

ತಂಗಿಯ ಮಗ ಪುಟ್ಟನ ಜೀನ್ ಪರೀಕ್ಷೆಯ ರಿಪೋರ್ಟ್ ಬಂದಿದ್ದು ಒಂದು ಮಂಗಳವಾರ ಮಧ್ಯಾಹ್ನ. ನಾನು ಸ್ಟಾಫ್ ರೂಮಿನಲ್ಲಿ ಎರಡನೇ ಪಿಯುಸಿ ಮಕ್ಕಳ ರೆಕಾರ್ಡ್ ಪುಸ್ತಕ ತಿದ್ದುತ್ತಾ ಕೂತಿದ್ದೆ. ತಂಗಿ ವಾಟ್ಸಾಪ್‌ನಲ್ಲಿ 11 ಪುಟದ ಪಿಡಿಎಫ್ ಕಳಿಸಿ, ಕೆಳಗೆ "ಅಕ್ಕಾ, ಇದರಲ್ಲಿ ಏನು ಬರೆದಿದೆ ಹೇಳು" ಅಂತ ಒಂದೇ ಸಾಲು ಹಾಕಿದ್ದಳು. ನಾನು 19 ವರ್ಷದಿಂದ ಜೀವಶಾಸ್ತ್ರ ಪಾಠ ಮಾಡುತ್ತಿದ್ದೇನೆ. ತಾಯಿಯಿಂದ ಮಗನಿಗೆ ಬರುವ ಕಾಯಿಲೆ ಅಂದರೆ ಹಿಮೊಫಿಲಿಯಾ, ವಿಕ್ಟೋರಿಯಾ ರಾಣಿಯ ವಂಶವೃಕ್ಷ. ಅದನ್ನು ಎಷ್ಟು ಸಲ ಬೋರ್ಡ್ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಆ 11 ಪುಟ ಸರಿಯಾಗಿ ಅರ್ಥವಾಗಲು ನನಗೆ ಮೂರು ವಾರ ಹಿಡಿಯಿತು. ಅಷ್ಟರೊಳಗೆ ಮನೆಯಲ್ಲಿ ಆಡಬಾರದ ಮಾತುಗಳೆಲ್ಲ ಆಡಿ ಆಗಿತ್ತು. ಮಗುವಿನ ತಲೆಯಲ್ಲಿ ನೀರು ತುಂಬಿದೆ, ಹೆಬ್ಬೆರಳು ಮಡಚಿಕೊಂಡಿದೆ, ಕೈಯಲ್ಲಿ ಇಂಥದ್ದೊಂದು ರಿಪೋರ್ಟ್ ಇದೆ ಅನ್ನುವವರಿಗೆ ಆ ಮೂರು ವಾರ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಸಣ್ಣ ಕೆಲಸ. ಪೂರ್ತಿ ಪಿಡಿಎಫ್ ತರಿಸಿಕೊಳ್ಳಿ. ಯಾರೋ ಮೊಬೈಲಿನಲ್ಲಿ ತೆಗೆದ ಮೊದಲ ಪುಟದ ಫೋಟೋ ಸಾಲದು. ಮಗುವಿನ ಹೆಸರು, ಹುಟ್ಟಿದ ದಿನ, ರಕ್ತ ಕೊಟ್ಟ ದಿನಾಂಕ ನೋಡಿ. ಯಾವ ಪರೀಕ್ಷೆ ಮಾಡಿದ್ದಾರೆ ಅನ್ನುವುದನ್ನೂ ನೋಡಿ: ಒಂದೇ ಜೀನ್ ನೋಡಿದರೋ, ಹತ್ತಾರು ಜೀನ್‌ಗಳ ಪ್ಯಾನೆಲ್ಲೋ, ಇಡೀ ಎಕ್ಸೋಮೋ (ಎಲ್ಲ ಜೀನ್‌ಗಳಲ್ಲಿ ಪ್ರೋಟೀನ್ ತಯಾರಿಸುವ ಸೂಚನೆ ಇರುವ ಭಾಗಗಳು). ಇಷ್ಟಾದ ಮೇಲೆ ಒಳಗೆ ಹೋಗೋಣ.

ಈ ಜೀನ್ ಮಾಡುವ ಕೆಲಸ

ನಮ್ಮದು ಸಾಗರದ ಕಡೆಯ ಅಡಿಕೆ ತೋಟದ ಮನೆ. ಮೆಣಸಿನ ಬಳ್ಳಿ ಅಡಿಕೆ ಮರ ಹತ್ತುವುದನ್ನು ದಿನಾ ನೋಡುತ್ತೇವೆ. ಕುಡಿ ಮೇಲಕ್ಕೆ ಹೋಗುತ್ತಾ ಹೋಗುತ್ತಾ ಪ್ರತಿ ಗೆಣ್ಣಿನಲ್ಲೂ ಸಣ್ಣ ಬೇರು ಬಿಟ್ಟು ಮರವನ್ನು ಕಚ್ಚಿಕೊಳ್ಳುತ್ತದೆ. ಬೇರು ಕಚ್ಚದಿದ್ದರೆ ಕುಡಿ ಎಷ್ಟೇ ಚುರುಕಾಗಿದ್ದರೂ ಜೋತು ಬೀಳುತ್ತದೆ, ಮೇಲೆ ಹೋಗುವುದಿಲ್ಲ. ಹೊಟ್ಟೆಯಲ್ಲಿರುವ ಮಗುವಿನ ಮಿದುಳಿನಲ್ಲಿ ನರದ ಎಳೆಗಳು ಬೆಳೆಯುವುದೂ ಹೆಚ್ಚುಕಡಿಮೆ ಹೀಗೆಯೇ. ಎಳೆಯ ತುದಿ ಪಕ್ಕದ ಎಳೆಯನ್ನೋ ಜೀವಕೋಶವನ್ನೋ ಹಿಡಿದುಕೊಂಡು ಮುಂದೆ ಹೋಗಬೇಕು. ಹಾಗೆ ಹಿಡಿಯುವ ಪ್ರೋಟೀನ್‌ಗಳಲ್ಲಿ ಒಂದು ಎಲ್‌1. ಅದನ್ನು ತಯಾರಿಸುವ ಸೂಚನೆ ಇರುವ ಜೀನ್ ಎಲ್‌1ಕ್ಯಾಮ್. ಕ್ಯಾಮ್ ಅಂದರೆ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸುವ ಅಣು ಅಂತ ಅರ್ಥ. ಒಂದು ನರಕೋಶದ ಮೇಲಿನ ಎಲ್‌1 ಇನ್ನೊಂದರ ಮೇಲಿನ ಎಲ್‌1 ಅನ್ನೇ ಕೈ ಹಿಡಿದ ಹಾಗೆ ಹಿಡಿಯಬಲ್ಲದು. ಬಳ್ಳಿಯ ಬೇರಿಗೆ ಆ ಶಕ್ತಿ ಇಲ್ಲ.

ಈ ಪ್ರೋಟೀನ್ 1257 ಅಮೈನೋ ಆಮ್ಲಗಳ ಉದ್ದನೆಯ ಸರ. ಜೀವಕೋಶದ ಹೊರಗೆ 11 ಮಡಿಕೆಗಳು: 6 ಇಮ್ಯುನೊಗ್ಲಾಬ್ಯುಲಿನ್ ಬಗೆಯವು, 5 ಫೈಬ್ರೊನೆಕ್ಟಿನ್ ಬಗೆಯವು. ಆಮೇಲೆ ಸರ ಒಂದು ಸಲ ಕೋಶದ ಪೊರೆ ದಾಟುತ್ತದೆ. ಒಳಗೆ ಒಂದು ಗಿಡ್ಡ ಬಾಲ. ಆ ಬಾಲ ಕೋಶದ ಒಳಗಿನ ಹಂದರಕ್ಕೆ ಕಟ್ಟಿಕೊಂಡಿರುತ್ತದೆ. ಹೊರಗೆ ಹಿಡಿತ, ಒಳಗೆ ಕಟ್ಟು. ಈ ಎರಡನ್ನು ನೆನಪಿಟ್ಟುಕೊಳ್ಳಿ, ರಿಪೋರ್ಟ್ ಓದುವಾಗ ಬೇಕಾಗುತ್ತದೆ.

ಈ ಹಿಡಿತ ಸರಿ ಇಲ್ಲದಾಗ ಮುಖ್ಯವಾಗಿ ಎರಡು ದೊಡ್ಡ ನರದ ದಾರಿಗಳು ಕೆಡುತ್ತವೆ. ಒಂದು, ಮಿದುಳಿನ ಎಡ ಬಲ ಭಾಗಗಳನ್ನು ಸೇರಿಸುವ ಸೇತುವೆ, ಕಾರ್ಪಸ್ ಕಲೋಸಮ್. ಎಂಆರ್‌ಐನಲ್ಲಿ ಅದು ತೆಳ್ಳಗೆ ಕಾಣುತ್ತದೆ, ಅಥವಾ ಇರುವುದೇ ಇಲ್ಲ. ಇನ್ನೊಂದು, ಮಿದುಳಿನಿಂದ ಬೆನ್ನುಹುರಿಗೆ ಇಳಿದು ಕೈಕಾಲು ಆಡಿಸುವ ದಾರಿ. ಅದಕ್ಕೇ ಕಾಲು ಬಿಗಿ. ಇದರ ಜೊತೆಗೆ ಮಿದುಳಿನ ಒಳಗಿನ ನೀರು ಹರಿಯುವ ಸಣ್ಣ ಕಾಲುವೆ ಹಲವು ಮಕ್ಕಳಲ್ಲಿ ಕಿರಿದಾಗಿರುತ್ತದೆ, ತಲೆಯಲ್ಲಿ ನೀರು ತುಂಬುತ್ತದೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳಲ್ಲಿ ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡಿರುತ್ತದೆ. ಎಳೆ ಮಕ್ಕಳೆಲ್ಲ ಹೆಬ್ಬೆರಳು ಒಳಗಿಟ್ಟು ಮುಷ್ಟಿ ಕಟ್ಟುತ್ತವೆ, ಅದಕ್ಕೆ ಹೆದರಬೇಡಿ. ನಿದ್ದೆಯಲ್ಲಿ ಕೈ ಸಡಿಲವಾದಾಗಲೂ ಹೆಬ್ಬೆರಳು ಹೊರಗೆ ಬರುವುದೇ ಇಲ್ಲ ಅಂದರೆ ಮಾತ್ರ ಡಾಕ್ಟರಿಗೆ ತೋರಿಸಿ.

ಆ ಒಂದು ಸಾಲು

11 ಪುಟದಲ್ಲಿ ನಿಜವಾಗಿ ಬೇಕಾದದ್ದು ಒಂದು ಕೋಷ್ಟಕ, ಅದರಲ್ಲೂ ಒಂದು ಸಾಲು. ನಮ್ಮ ಪುಟ್ಟನ ಅಕ್ಷರಗಳನ್ನು ಇಲ್ಲಿ ಹಾಕುವುದಿಲ್ಲ, ಅದು ಅವನದು. ವೈದ್ಯಕೀಯ ಬರಹಗಳಲ್ಲಿ ಚೆನ್ನಾಗಿ ಗೊತ್ತಿರುವ ಬೇರೊಂದನ್ನು ತೆಗೆದುಕೊಳ್ಳೋಣ: ಸಿ.791ಜಿ>ಎ, ಪಿ.ಸಿಸ್264ಟೈರ್.

"ಸಿ" ಇಂದ ಶುರುವಾಗುವುದು ಡಿಎನ್‌ಎಯಲ್ಲಿ ಆಗಿರುವ ಬದಲಾವಣೆ. 791ನೇ ಜಾಗದಲ್ಲಿ ಜಿ ಇರಬೇಕಿತ್ತು, ಎ ಇದೆ. "ಪಿ" ಇಂದ ಶುರುವಾಗುವುದು ಪ್ರೋಟೀನಿನಲ್ಲಿ ಅದರ ಫಲ. 264ನೇ ಮಣಿ ಸಿಸ್ಟೀನ್ ಆಗಬೇಕಿತ್ತು, ಟೈರೋಸಿನ್ ಆಗಿದೆ. ಸರದಲ್ಲಿ ಎರಡು ಸಿಸ್ಟೀನ್‌ಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಮಡಿಕೆಯನ್ನು ಬಿಗಿಯಾಗಿ ಇಡುತ್ತವೆ. ಇಲ್ಲಿ ಒಂದು ಕೊಂಡಿ ಹೋಯಿತು. ಮಡಿಕೆ ಸರಿ ಕೂರದ ಪ್ರೋಟೀನನ್ನು ಕೋಶ ಒಳಗೇ ತಡೆದು ಇಟ್ಟುಕೊಳ್ಳುತ್ತದೆ, ಹೊರಗೆ ಬಿಡುವುದಿಲ್ಲ. 1257ರಲ್ಲಿ ಒಂದೇ ಮಣಿ ಬದಲಾದರೂ ಹಿಡಿಯುವ ಕೈ ಹೊರಗೇ ಬರಲಿಲ್ಲ. ಕ್ಲಾಸಿನಲ್ಲಿ ಇದನ್ನು ಎಷ್ಟು ವರ್ಷ ಬಾಯಿಪಾಠದ ಹಾಗೆ ಹೇಳಿದ್ದೆ! ಪುಟ್ಟನ ಕೈ ಹಿಡಿದುಕೊಂಡು ಓದಿದಾಗಲೇ ಅದು ನನ್ನೊಳಗೆ ಇಳಿದಿದ್ದು.

"ಪಿ" ಇರುವ ಕಡೆ ನಕ್ಷತ್ರ ಚಿಹ್ನೆ, "ಟೆರ್" ಅಥವಾ "ಎಫ್‌ಎಸ್" ಅಂತ ಇದ್ದರೆ ಪ್ರೋಟೀನ್ ಅರ್ಧಕ್ಕೇ ತುಂಡಾಗಿದೆ ಅಥವಾ ಓದುವ ಲಯ ತಪ್ಪಿದೆ ಅಂತ. ಸಾಮಾನ್ಯವಾಗಿ ಇಂಥವು ಜಾಸ್ತಿ ಗಂಭೀರ. ಒಳಗಿನ ಬಾಲದಲ್ಲಿ ಮಾತ್ರ ಒಂದು ಮಣಿ ಬದಲಾಗಿದ್ದರೆ ತೊಂದರೆ ಹಗುರವಾಗಿರುವುದು ಹೆಚ್ಚು. ಆದರೆ ಇದನ್ನು ಭವಿಷ್ಯ ಹೇಳುವುದಕ್ಕೆ ಬಳಸಬೇಡಿ. ಒಂದೇ ಬದಲಾವಣೆ ಇರುವ ಒಂದೇ ಮನೆಯ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬನಿಗೆ ತಲೆಯಲ್ಲಿ ನೀರು, ಇನ್ನೊಬ್ಬನಿಗೆ ಬರೀ ಕಾಲು ಬಿಗಿ ಇರುವುದುಂಟು.

ಪಕ್ಕದ ಕಾಲಂನಲ್ಲಿ "ಹೆಮಿಜೈಗಸ್" ಅಂತ ಇರುತ್ತದೆ. ನಮ್ಮ ಮನೆಯಲ್ಲಿ ಇದನ್ನು ನೋಡಿ "ಅರ್ಧ ಕಾಯಿಲೆ" ಅಂತ ಅಂದುಕೊಂಡರು. ಹಾಗಲ್ಲ. ಎಲ್‌1ಕ್ಯಾಮ್ ಇರುವುದು ಎಕ್ಸ್ ಕ್ರೋಮೋಸೋಮಿನ ತುದಿಯಲ್ಲಿ. ಗಂಡುಮಗುವಿಗೆ ಎಕ್ಸ್ ಒಂದೇ, ಈ ಜೀನ್‌ಗೆ ಜೋಡಿ ಇಲ್ಲ. ಅದನ್ನೇ ಆ ಪದ ಹೇಳುತ್ತದೆ. ಹೆಂಗಸರ ರಿಪೋರ್ಟಿನಲ್ಲಿ ಅದೇ ಜಾಗದಲ್ಲಿ "ಹೆಟೆರೊಜೈಗಸ್" ಅಂತ ಬರುತ್ತದೆ: ಎರಡರಲ್ಲಿ ಒಂದು ಕೆಟ್ಟಿದೆ, ಇನ್ನೊಂದು ಸರಿ ಇದೆ.

ಕೊನೆಯ ಕಾಲಂ ಎಲ್ಲಕ್ಕಿಂತ ಮುಖ್ಯ. ಪ್ಯಾಥೊಜೆನಿಕ್ ಅಂದರೆ ಕಾಯಿಲೆಗೆ ಇದೇ ಕಾರಣ. ಲೈಕ್ಲಿ ಪ್ಯಾಥೊಜೆನಿಕ್ ಅಂದರೆ ಶೇ. 90ಕ್ಕಿಂತ ಹೆಚ್ಚು ಖಾತ್ರಿ. ಬಿನೈನ್, ಲೈಕ್ಲಿ ಬಿನೈನ್ ಅನ್ನುವುವು ನಿರುಪದ್ರವಿಗಳು, ಅವು ಕೋಷ್ಟಕದಲ್ಲಿ ಸಾಮಾನ್ಯವಾಗಿ ಇರುವುದೂ ಇಲ್ಲ. ನಡುವೆ ಒಂದಿದೆ, ವಿಯುಎಸ್. ಬದಲಾವಣೆ ಕಂಡಿದೆ, ಅದು ತಪ್ಪಿತಸ್ಥ ಹೌದೋ ಅಲ್ಲವೋ ಈಗಲೇ ಹೇಳಲಾಗದು ಅಂತ ಅದರ ಅರ್ಥ. ವಿಯುಎಸ್ ಬಂದರೆ ಅದರ ಮೇಲೆ ಯಾವ ದೊಡ್ಡ ತೀರ್ಮಾನವನ್ನೂ ಮಾಡಬೇಡಿ. ಮುಂದಿನ ಬಸಿರಿನ ಬಗ್ಗೆಯಂತೂ ಬೇಡವೇ ಬೇಡ. ಹೋಲಿಸಿ ನೋಡುವ ದೊಡ್ಡ ಡೇಟಾಬೇಸ್‌ಗಳಲ್ಲಿ ಭಾರತೀಯರ ಮಾಹಿತಿ ಕಡಿಮೆ. ಹಾಗಾಗಿ ನಮ್ಮವರಿಗೆ ವಿಯುಎಸ್ ಬರುವುದು ಅಪರೂಪವೇನಲ್ಲ. ಆಗ ಉತ್ತರ ಸಿಗುವ ಒಳ್ಳೆಯ ದಾರಿ ಮನೆಯವರ ರಕ್ತ. ಆರೋಗ್ಯವಾಗಿರುವ ಸೋದರಮಾವನಲ್ಲೂ ಅದೇ ಬದಲಾವಣೆ ಕಂಡರೆ ಅದು ಕಾರಣ ಅಲ್ಲ ಅನ್ನುವುದಕ್ಕೆ ಗಟ್ಟಿ ಸಾಕ್ಷಿ. ಒಂದೆರಡು ವರ್ಷ ಬಿಟ್ಟು ಮತ್ತೆ ಪರಿಶೀಲಿಸಿ ಅಂತ ಲ್ಯಾಬಿನವರನ್ನೂ ಕೇಳಬಹುದು.

ರಿಪೋರ್ಟಿನ ಕೆಳಗೆ ಕಾಯಿಲೆಯ ಹೆಸರು ಬೇರೆ ಬೇರೆ ರೀತಿ ಇದ್ದರೆ ಗಾಬರಿಯಾಗಬೇಡಿ. ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವ ಈ ತಲೆನೀರಿನ ಬಗ್ಗೆ ಬಿಕರ್ಸ್ ಮತ್ತು ಆಡಮ್ಸ್ ಅನ್ನುವ ವೈದ್ಯರು 1949ರಲ್ಲಿ ಬರೆದರು. ಕಾಲು ಬಿಗಿ, ಮಾತು ತಡ, ಹೆಬ್ಬೆರಳು ಮಡಚಿರುವ ಮಾಸಾ ಸಿಂಡ್ರೋಮ್ 1974ರಲ್ಲಿ ಬೇರೆ ಕಾಯಿಲೆ ಅಂತಲೇ ದಾಖಲಾಯಿತು. ತಲೆನೀರಿಗೆ ಕಾರಣ ಎಲ್‌1ಕ್ಯಾಮ್ ಅಂತ 1992ರಲ್ಲಿ ತಿಳಿದ ಮೇಲೆ ಇವೆಲ್ಲ ಒಂದೇ ಬೇರಿನವು ಅಂತ ಗೊತ್ತಾಯಿತು. ಈಗ ಎಲ್ಲವನ್ನೂ ಸೇರಿಸಿ ಎಲ್‌1 ಸಿಂಡ್ರೋಮ್ ಅನ್ನುತ್ತಾರೆ. ಸುಮಾರು 30,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ.

ಅಜ್ಜಿಯರ ಹತ್ತಿರ ಕೂತು ಬರೆಯಿರಿ

ರಿಪೋರ್ಟ್ ಓದಿದ ಮೇಲೆ ಮಾಡಬೇಕಾದ ಮೊದಲ ಕೆಲಸಕ್ಕೆ ದುಡ್ಡು ಬೇಡ. ಒಂದು ದೊಡ್ಡ ಹಾಳೆ, ಪೆನ್ಸಿಲ್, ರಬ್ಬರ್ ಸಾಕು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಮಗುವಿನಿಂದ ಶುರುಮಾಡಿ ತಾಯಿಯ ಕಡೆ ಮೇಲಕ್ಕೆ ಹೋಗಿ: ತಾಯಿ, ಅವಳ ಅಕ್ಕತಂಗಿ ಅಣ್ಣತಮ್ಮಂದಿರು, ಅಜ್ಜಿ, ಅಜ್ಜಿಯ ಅಕ್ಕತಂಗಿಯರು. ತೊಂದರೆ ಇದ್ದವರ ಗುರುತನ್ನು ತುಂಬಿಸಿ ಕಪ್ಪು ಮಾಡಿ.

ಕೇಳುವ ರೀತಿಯಲ್ಲಿ ಒಂದು ಗುಟ್ಟಿದೆ. "ನಮ್ಮ ಮನೆಯಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ?" ಅಂತ ಕೇಳಿದರೆ "ಇಲ್ಲಪ್ಪಾ" ಅನ್ನುವ ಉತ್ತರವೇ ಬರುತ್ತದೆ. "ಎಷ್ಟು ಮಕ್ಕಳು?" ಅಂದರೆ ಬದುಕಿ ಉಳಿದವರ ಲೆಕ್ಕ ಹೇಳುತ್ತಾರೆ. "ಎಷ್ಟು ಬಾಣಂತನ ಆಯ್ತು?" ಅಂತ ಕೇಳಿ. ಎರಡು ಲೆಕ್ಕದ ನಡುವಿನ ವ್ಯತ್ಯಾಸದಲ್ಲೇ ನಿಮಗೆ ಬೇಕಾದದ್ದು ಇರುತ್ತದೆ.

ನಾನು ಇದನ್ನು ಕಲಿತದ್ದು ನಮ್ಮ ಚಿಕ್ಕಜ್ಜಿಯ ಹತ್ತಿರ, ಅಂದರೆ ಅಮ್ಮನ ಚಿಕ್ಕಮ್ಮ. ಅವರಿಗೆ 88 ವರ್ಷ. ಮಕ್ಕಳು ನಾಲ್ಕು ಅಂತ ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಬಾಣಂತನ ಎಷ್ಟು ಅಂತ ಕೇಳಿದೆ. ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿ "ಆರು" ಅಂದರು. ಇಬ್ಬರು ಗಂಡುಮಕ್ಕಳು ಹುಟ್ಟಿ ತಿಂಗಳು ತುಂಬುವ ಮೊದಲೇ ಹೋಗಿದ್ದವು. "ತಲೆ ದೊಡ್ಡದಿತ್ತು" ಅಂದರು. ಆಮೇಲೆ ಹೆಬ್ಬೆರಳು ಒಳಗಿಟ್ಟು, ಮೇಲೆ ಬೆರಳು ಮಡಚಿ, ಮುಷ್ಟಿ ಮಾಡಿ ತೋರಿಸಿದರು. "ಹೀಂಗೇ ಇಟ್ಕಂಡಿತ್ತು. ಬಿಡಿಸಿದ್ರೂ ಬಿಡ್ತಿರಲಿಲ್ಲ." ನಾನು ಏನನ್ನೂ ಹೇಳಿಕೊಟ್ಟಿರಲಿಲ್ಲ. ಹೆಬ್ಬೆರಳಿನ ಮಾತನ್ನೇ ಎತ್ತಿರಲಿಲ್ಲ. ಗ್ರಹಣದ ದಿನ ತರಕಾರಿ ಹೆಚ್ಚಿದ್ದಕ್ಕೆ ಹಾಗಾಯಿತು ಅಂತ ಅವರ ಅತ್ತೆ ಹೇಳಿದ್ದರಂತೆ. ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನೇ ನಂಬಿ, ತಾನೇ ತಪ್ಪು ಮಾಡಿದೆ ಅಂತ ಬದುಕಿದ್ದರು. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಹೇಳಿ, ನನ್ನ ಹಾಳೆ ತೋರಿಸಿ, ಜೀನ್ ಎಲ್ಲಿಂದ ಬಂತು ಅಂತ ಬೆರಳಿಟ್ಟು ವಿವರಿಸಿದೆ. ಎರಡು ಸಲ ಹೇಳಿಸಿಕೊಂಡರು.

ಅದೇ ಸಂಜೆ ಅಮ್ಮನೂ ಬಾಯಿ ಬಿಟ್ಟಳು. ಅವಳಿಗೂ ಒಬ್ಬ ತಮ್ಮ ಹುಟ್ಟಿ ಹನ್ನೆರಡು ದಿನಕ್ಕೆ ಹೋಗಿದ್ದ. ನನ್ನ ಹಾಳೆಯಲ್ಲಿ ನಾಲ್ಕು ಚೌಕ ಕಪ್ಪಾದವು. ನಡುವೆ ಇದ್ದವರೆಲ್ಲ ಆರೋಗ್ಯವಾಗಿರುವ ಹೆಂಗಸರು.

ಆ ಚಿತ್ರ ನೋಡಿದರೆ ಲೆಕ್ಕ ತಾನಾಗಿ ಅರ್ಥವಾಗುತ್ತದೆ. ಬದಲಾವಣೆ ಹೊತ್ತ ತಾಯಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಶೇ. 50. ಪ್ರತಿ ಹೆಣ್ಣುಮಗುವೂ ವಾಹಕಿ, ಅಂದರೆ ತಾಯಿಯ ಹಾಗೆ ಬದಲಾವಣೆ ಹೊತ್ತವಳು, ಆಗುವ ಸಾಧ್ಯತೆ ಶೇ. 50. ಪ್ರತಿ ಬಸಿರಿಗೂ ಲೆಕ್ಕ ಹೊಸದು. ಮೊದಲ ಮಗು ಹೀಗಾಯಿತು, ಎರಡನೆಯದು ಸರಿ ಇರಲೇಬೇಕು ಅನ್ನುವ ಹಾಗಿಲ್ಲ. ವಾಹಕಿಯರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕೆಲವರಿಗೆ ಹೆಬ್ಬೆರಳು ಸ್ವಲ್ಪ ಒಳಗಿರಬಹುದು, ಪೂರ್ತಿ ಕಾಯಿಲೆ ಕಾಣುವುದು ತೀರಾ ಅಪರೂಪ.

ಇಲ್ಲಿ ಸಂಬಂಧದ ಮದುವೆಯ ಮಾತು ಬರುತ್ತದೆ. ನನ್ನ ತಂಗಿಯನ್ನು ಕೊಟ್ಟಿದ್ದು ಸೋದರಮಾವನ ಮಗನಿಗೆ. ಪುಟ್ಟನನ್ನು ಮೊದಲು ಕರೆದುಕೊಂಡು ಹೋದ ಆಸ್ಪತ್ರೆಯೊಂದರಲ್ಲಿ, ರಿಪೋರ್ಟ್ ಬರುವ ಮೊದಲೇ, "ಸಂಬಂಧದಲ್ಲಿ ಮದುವೆ ಆಗಿದ್ದೀರಲ್ಲ, ಅದಕ್ಕೇ" ಅಂದುಬಿಟ್ಟರು. ಆ ಮಾತು ಮನೆಯಲ್ಲಿ ಬೆಂಕಿ ಹಚ್ಚಿತು. ಸಂಬಂಧದ ಮದುವೆಯಿಂದ ಅಪಾಯ ಹೆಚ್ಚುವ ಕಾಯಿಲೆಗಳು ಎಷ್ಟೋ ಇವೆ, ಅದು ನಿಜ. ಅಲ್ಲಿ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು. ಎಲ್‌1ಕ್ಯಾಮ್ ಹಾಗಲ್ಲ. ತಂದೆ ಮಗನಿಗೆ ಕೊಡುವುದು ವೈ, ಎಕ್ಸ್ ಅಲ್ಲ. ಇನ್ನು ನಮ್ಮ ಮಾವ ಆರೋಗ್ಯವಾಗಿದ್ದಾರೆ ಅಂದರೆ ಅವರಲ್ಲಿ ಆ ಬದಲಾವಣೆಯೇ ಇಲ್ಲ. ಇರುವುದು ಒಂದೇ ಎಕ್ಸ್, ಇದ್ದಿದ್ದರೆ ಕಾಣುತ್ತಿತ್ತು. ತಂಗಿ ದೂರದ ಯಾರನ್ನೇ ಮದುವೆಯಾಗಿದ್ದರೂ ಪುಟ್ಟನ ಪಾಲಿಗೆ ಇದೇ ಸಾಧ್ಯತೆ ಇರುತ್ತಿತ್ತು. ಇದನ್ನು ತಂಗಿಯ ಅತ್ತೆಗೆ ನಾನೇ ಕೂರಿಸಿಕೊಂಡು ಹೇಳಿದೆ. ನಿಮ್ಮ ಮನೆಯಲ್ಲೂ ಯಾರಾದರೂ ಒಬ್ಬರು ಹೇಳಲೇಬೇಕು, ಅದೂ ಬೇಗ. ಹಾಗೆಯೇ ತಾಯಿಯ ಮೇಲೂ ಬೊಟ್ಟು ಮಾಡಲು ಬಿಡಬೇಡಿ. ಯಾವ ಎಕ್ಸ್ ಕೊಡಬೇಕು ಅಂತ ಆರಿಸಿ ಕೊಡುವ ತಾಯಿ ಲೋಕದಲ್ಲಿಲ್ಲ.

ಮುಂದೆ ಯಾರಿಗೆ ಪರೀಕ್ಷೆ

ಮೊದಲು ತಾಯಿಗೆ. ಇಡೀ ಎಕ್ಸೋಮ್ ಮತ್ತೆ ಮಾಡಿಸಬೇಕಿಲ್ಲ. ಮಗುವಿನಲ್ಲಿ ಕಂಡ ಆ ಒಂದು ಜಾಗವನ್ನು ಮಾತ್ರ ನೋಡುವ ಸ್ಯಾಂಗರ್ ಪರೀಕ್ಷೆ ಸಾಕು. ಎರಡು ಮಿ.ಲೀ. ರಕ್ತ, ನೇರಳೆ ಮುಚ್ಚಳದ ಟ್ಯೂಬ್, ಜೊತೆಗೆ ಮಗುವಿನ ರಿಪೋರ್ಟಿನ ಪ್ರತಿ. ತಾಯಿಯ ರಕ್ತದಲ್ಲಿ ಬದಲಾವಣೆ ಇಲ್ಲ ಅಂತ ಬಂದರೆ ಮಗುವಿನಲ್ಲಿ ಹೊಸದಾಗಿ ಆಗಿರಬಹುದು. ಆಗ ಮುಂದಿನ ಬಸಿರಿನಲ್ಲಿ ಅಪಾಯ ಬಹಳ ಕಡಿಮೆ, ಆದರೆ ಸೊನ್ನೆ ಅಲ್ಲ. ರಕ್ತದಲ್ಲಿ ಕಾಣದೆ ಅಂಡಾಣುಗಳಲ್ಲಿ ಮಾತ್ರ ಇರುವುದು ಸಾಧ್ಯ.

ತಾಯಿಯಲ್ಲಿ ಇದ್ದರೆ ಅವಳ ಅಕ್ಕತಂಗಿಯರಿಗೂ ಪರೀಕ್ಷೆ ಮಾಡಿಸಿಕೊಳ್ಳುವ ಹಕ್ಕಿದೆ. ಬಲವಂತ ಇಲ್ಲ. ಆರೋಗ್ಯವಾಗಿರುವ ಅಣ್ಣತಮ್ಮಂದಿರಿಗೆ ಬೇಡ, ಅವರ ಮಕ್ಕಳಿಗೂ ಭಯ ಇಲ್ಲ. ನಾನು ಮಾಡಿಸಿಕೊಂಡೆ. ನನ್ನಲ್ಲೂ ಇದೆ. ನನಗಿರುವುದು ಒಬ್ಬಳೇ ಮಗಳು, ಈಗ 15 ವರ್ಷ. ಅವಳಿಗೂ ಈಗಲೇ ಮಾಡಿಸಿಬಿಡೋಣ ಅಂತ ಹೊರಟಿದ್ದೆ. ಕೌನ್ಸೆಲರ್ ತಡೆದರು. ಚಿಕ್ಕವರಿಗೆ ವಾಹಕಿ ಹೌದೋ ಅಲ್ಲವೋ ಅನ್ನುವ ಪರೀಕ್ಷೆಯನ್ನು ಸಾಮಾನ್ಯವಾಗಿ ಮಾಡುವುದಿಲ್ಲ. ದೊಡ್ಡವಳಾದ ಮೇಲೆ ತಿಳಿದುಕೊಳ್ಳಬೇಕೋ ಬೇಡವೋ ಅವಳೇ ನಿರ್ಧರಿಸಲಿ ಅನ್ನುತ್ತಾರೆ. ಅದು ಸರಿ ಅಂತ ಈಗ ನನಗೂ ಅನಿಸುತ್ತದೆ. ವಿಷಯ ಮಾತ್ರ ಅವಳಿಂದ ಮುಚ್ಚಿಟ್ಟಿಲ್ಲ. ವಂಶವೃಕ್ಷದ ಹಾಳೆಯ ಗೆರೆಗಳನ್ನು ಸ್ಕೇಲ್ ಹಿಡಿದು ನೇರ ಮಾಡಿದ್ದು ಅವಳೇ.

ಮುಂದಿನ ಬಸಿರಿನ ಯೋಚನೆ ಇದ್ದರೆ ಬಸಿರಿಗೆ ಮೊದಲೇ ಜೆನೆಟಿಕ್ಸ್ ಡಾಕ್ಟರನ್ನು ನೋಡಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಮತ್ತು ಎಲೆಕ್ಟ್ರಾನಿಕ್ಸ್ ಸಿಟಿಯ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಮಣಿಪಾಲದಲ್ಲಿ ಕೆಎಂಸಿಯ ಮೆಡಿಕಲ್ ಜೆನೆಟಿಕ್ಸ್ ವಿಭಾಗ ಇವೆ. ಬದಲಾವಣೆ ಯಾವುದು ಅಂತ ಮೊದಲೇ ಗೊತ್ತಿದ್ದರೆ 11ರಿಂದ 13ನೇ ವಾರದಲ್ಲಿ ಮಾಸಿನ ಚೂರು ತೆಗೆದು, ಅಥವಾ 16ನೇ ವಾರದ ಹೊತ್ತಿಗೆ ಗರ್ಭದ ನೀರು ತೆಗೆದು ನೋಡಬಹುದು. "ಐದನೇ ತಿಂಗಳ ಸ್ಕ್ಯಾನಿನಲ್ಲಿ ಗೊತ್ತಾಗುತ್ತದಲ್ಲ" ಅಂತ ಕೂರಬೇಡಿ. ಈ ಕಾಯಿಲೆಯಲ್ಲಿ 20 ವಾರದ ಸ್ಕ್ಯಾನ್ ಸರಿ ಇದ್ದು ನೀರು ಆಮೇಲೆ ತುಂಬುವುದೂ ಉಂಟು.

ಇನ್ನೊಂದು ಮಾತು ಬಿಡಿಸಿ ಹೇಳಬೇಕು. ಹೆಣ್ಣಾದರೆ ತೊಂದರೆ ಇಲ್ಲ, ಹಾಗಾದರೆ ಗಂಡೋ ಹೆಣ್ಣೋ ನೋಡಿಸಿದರೆ ಸಾಕಲ್ವಾ ಅಂತ ನಮ್ಮವರೇ ಕೇಳಿದರು. ಸಾಲದು, ಅದು ಅಪರಾಧವೂ ಹೌದು. 1994ರ ಲಿಂಗಪತ್ತೆ ತಡೆ ಕಾಯ್ದೆಯಲ್ಲಿ ಇಂಥ ಕಾಯಿಲೆಗೆ ಗರ್ಭದ ಪರೀಕ್ಷೆಗೆ ಅವಕಾಶ ಇದೆ. ಅದು ನೋಂದಣಿಯಾದ ಕೇಂದ್ರದಲ್ಲಿ, ತಾಯಿಯ ಲಿಖಿತ ಒಪ್ಪಿಗೆಯಿಂದ ಆಗಬೇಕು. ಮಗುವಿಗೆ ಕಾಯಿಲೆ ಇದೆಯೋ ಇಲ್ಲವೋ ಅಂತ ಹೇಳುತ್ತಾರೆ, ಲಿಂಗ ಹೇಳುವಂತಿಲ್ಲ. ಇನ್ನು, ಗಂಡುಮಗುವಾದರೆ ಅರ್ಧಕ್ಕರ್ಧ ಸಾಧ್ಯತೆ ಅದು ಪೂರ್ತಿ ಆರೋಗ್ಯವಾಗಿರುವುದು.

ಮಗುವಿನ ಮಟ್ಟಿಗೆ

ಈ ಜೀನನ್ನು ಸರಿಪಡಿಸುವ ಔಷಧ ಈಗಿಲ್ಲ. ಯಾರಾದರೂ ಇದೆ ಅಂದರೆ ದುಡ್ಡು ಕೊಡಬೇಡಿ. ಆದರೆ ಮಾಡುವ ಕೆಲಸ ಬೇಕಾದಷ್ಟಿದೆ. ಪುಟ್ಟನಿಗೆ ತಲೆಯಿಂದ ಹೊಟ್ಟೆಗೆ ನೀರು ಇಳಿಸುವ ಶಂಟ್ ಹಾಕಿದ್ದಾರೆ. ಹೆಬ್ಬೆರಳಿಗೆ ರಾತ್ರಿ ಮೆತ್ತನೆಯ ಪಟ್ಟಿ, ದಿನಕ್ಕೆ ಎರಡು ಸಲ ಕಾಲಿನ ವ್ಯಾಯಾಮ. ಮಲ ಹೋಗುವುದು ತೀರಾ ಕಷ್ಟ, ಹೊಟ್ಟೆ ಉಬ್ಬುತ್ತದೆ ಅಂದರೆ ಡಾಕ್ಟರಿಗೆ ರಿಪೋರ್ಟ್ ತೋರಿಸಿಯೇ ಹೇಳಿ. ಎಲ್‌1ಕ್ಯಾಮ್ ಇರುವ ಕೆಲವು ಮಕ್ಕಳಿಗೆ ಕರುಳಿನ ಕೊನೆಯಲ್ಲಿ ನರಗಳಿಲ್ಲದ ಹಿರ್ಷ್‌ಸ್ಪ್ರಂಗ್ ಕಾಯಿಲೆ ಜೊತೆಗಿರುತ್ತದೆ.

ಶಂಟ್ ಒಳಗೆ ಕಟ್ಟಿಕೊಂಡು ನೀರು ಹರಿಯದೆ ಹೋಗಬಹುದು, ಸೋಂಕಾಗಬಹುದು. ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ನೆತ್ತಿ ಉಬ್ಬುವುದು, ಕಣ್ಣುಗುಡ್ಡೆ ಕೆಳಗೇ ಇಳಿದಿರುವುದು, ಶಂಟ್ ಹಾಕಿದ ಮೇಲೆ ಕಾರಣವಿಲ್ಲದ ಜ್ವರ. ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ತಂಗಿ ಬಾಗಿಲ ಹಿಂದೆ ಒಂದು ಬಟ್ಟೆಯ ಚೀಲ ನೇತುಹಾಕಿದ್ದಾಳೆ. ಅದರಲ್ಲಿ ಆಪರೇಷನ್ ಆದಾಗಿನ ಡಿಸ್ಚಾರ್ಜ್ ಸಮ್ಮರಿ, ಯಾವ ಕಂಪನಿಯ ಯಾವ ಶಂಟ್ ಅಂತ ಬರೆದ ಚೀಟಿ, ಮಗು ಚೆನ್ನಾಗಿದ್ದಾಗ ತೆಗೆದ ಸಿಟಿ ಸ್ಕ್ಯಾನ್, ಪ್ರತಿ ತಿಂಗಳು ಅಳೆದ ತಲೆಯ ಸುತ್ತಳತೆಯ ಪುಸ್ತಕ, ಎಲ್‌1ಕ್ಯಾಮ್ ರಿಪೋರ್ಟಿನ ಎರಡು ಜೆರಾಕ್ಸ್ ಇವೆ. ಹೋದ ಆಷಾಢದ ಮಳೆಯಲ್ಲಿ, ರಾತ್ರಿ ಒಂದೂವರೆಗೆ, ಕಾರು ಸ್ಟಾರ್ಟ್ ಮಾಡುವಷ್ಟರಲ್ಲಿ ಅವಳು ಚೀಲ ಹೆಗಲಿಗೆ ಹಾಕಿಕೊಂಡು ಪುಟ್ಟನನ್ನು ಎತ್ತಿಕೊಂಡು ಅಂಗಳದಲ್ಲಿ ನಿಂತಿದ್ದಳು.